ಕಶಾಂಗವೆಂಬ ಬಾಲವೂ ಅದರಿಂದ ನಾವು ಕಲಿಯತಕ್ಕ ಪಾಠವೂ

ನಮ್ಮ ಶಾಲೆಯಲ್ಲಿ ಕಲಿತುಹೋದ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಕೆಲವರು ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಸೇವೆಮಾಡುತ್ತಿದ್ದಾರೆ. ಅವರು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರವನ್ನು ಓದುವಾಗ ‘ಕಶಾಂಗ’ವೆಂಬ ಶಬ್ದವನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಆಮೇಲೆ ಮರೆತಿರಬಹುದು. ಆದರೆ ಅದು ಪರೀಕ್ಷೆಗೆ ಮಾತ್ರ ಬೇಕಾದ ಶಬ್ದವಲ್ಲ. ಮಗುವು ಉಂಡ ಅನ್ನ ಮೈಗೆ ಹತ್ತದಿರುವುದಕ್ಕೂ, ಕೊಟ್ಟಿಗೆಯ ಎಮ್ಮೆ ಸೊರಗುವುದಕ್ಕೂ, ನೆರೆಮನೆಯ ಚಳಿಜ್ವರವು ನಮ್ಮ ಮನೆಗೆ ಬರುವುದಕ್ಕೂ ಈ ಶಬ್ದದೊಡನೆ ಸಂಬಂಧವುಂಟು. ಆದಕಾರಣ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಗಳ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪಾಠವನ್ನು ಇನ್ನೊಮ್ಮೆ ಹೇಳಲು ಇಚ್ಛಿಸುತ್ತೇವೆ.

ಕಶೆ ಎಂದರೆ ಚಾಟಿ. ನಮ್ಮ ಒಕ್ಕಲಿಗರ ಮಾತಿನಲ್ಲಿ ಬಾರುಕೋಲು. ಒಂದೇ ಜೀವಕೋಶದಿಂದಾದ ಕೆಲವು ಪ್ರಾಣಿಗಳ ಮೈಯಿಂದ ಒಂದೋ ಹಲವೋ ನೂಲಿನಂಥ ಬಾಲಗಳು ಹೊರಟಿರುತ್ತವೆ. ಬಾರುಕೋಲಿನ ಬಾರು ಬಳುಕುವಂತೆ ಅವು ನೀರಿನಲ್ಲಿ ಬಳುಕಿ ಆ ಪ್ರಾಣಿಯನ್ನು ಮುಂದಕ್ಕೆ ಸಾಗಿಸುತ್ತವೆ. ಇದಕ್ಕೇ ಕಶಾಂಗವೆಂದು ಹೆಸರು. ಕೆರೆಯ ಹಸುರು ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕ ಯಂತ್ರದ ಕೆಳಗಿಟ್ಟು ನೋಡಿದರೆ ಯೂಗ್ಲೀನವೆಂಬ ಪ್ರಾಣಿಯು ಈ ಬಾಲದಿಂದಲೇ ಈಜುವುದು ಕಾಣುತ್ತದೆ. ಅದು ಯಾರಿಗೂ ಕೇಡು ಮಾಡದು.

ಕಶಾಂಗದ ದಪ್ಪವು ಒಂದು ಮಿಲಿಮೀಟರನ್ನು ನಾಲ್ಕು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಮಾತ್ರ. ಇಷ್ಟು ಸಣ್ಣದಾದರೂ ಅದರ ಒಳಗಿನ ರಚನೆಯು ಆಶ್ಚರ್ಯಕರವಾದದ್ದು. ಜೋಳದ ದಂಟುಗಳನ್ನು ಕಟ್ಟಿಟ್ಟಂತೆ ಅದರೊಳಗೆ ಸೂಕ್ಷ್ಮವಾದ ಕೊಳವೆಗಳ ಒಂದು ಕಟ್ಟು ಇರುತ್ತದೆ. ನಡುವೆ ಎರಡು ಕೊಳವೆಗಳು, ಅವುಗಳ ಸುತ್ತಲೂ ಒಂಬತ್ತು ಜೋಡಿಗಳು. ಡೈನೀನ್ ಎಂಬ ಪದಾರ್ಥದ ಸಣ್ಣ ತೋಳುಗಳು ಒಂದು ಜೋಡಿಯಿಂದ ಹೊರಟು ಪಕ್ಕದ ಜೋಡಿಯನ್ನು ಹಿಡಿದು ಜಗ್ಗುತ್ತವೆ. ಹಾಗೆ ಜಗ್ಗಿದಾಗ ಕಟ್ಟು ಒಂದು ಕಡೆಗೆ ಬಾಗುತ್ತದೆ. ಮರುಕ್ಷಣ ಇನ್ನೊಂದು ಕಡೆಗೆ. ಹೀಗೆ ಅಲೆಯು ಹುಟ್ಟುತ್ತದೆ. ಇದೇ ರಚನೆಯ ಸಣ್ಣ ರೋಮಗಳು ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿಯೂ ಇದ್ದು, ಧೂಳನ್ನೂ ಕಫವನ್ನೂ ಮೇಲಕ್ಕೆ ತಳ್ಳುತ್ತವೆ. ಸೃಷ್ಟಿಯಲ್ಲಿ ಒಂದೇ ಉಪಕರಣವು ಒಂದು ಕಡೆ ಕಾವಲುಗಾರನಿಗೂ ಇನ್ನೊಂದು ಕಡೆ ಕಳ್ಳನಿಗೂ ದೊರೆತಿದೆ.

ಪರರ ದೇಹದೊಳಗೆ ಹೊಕ್ಕು ಅಲ್ಲಿಯ ಆಹಾರದಿಂದ ಬದುಕುವ ಪ್ರಾಣಿಗೆ ಪರೋಪಜೀವಿಯೆಂದು ಹೆಸರು. ಇಂಥ ಏಕಕೋಶದ ಪರೋಪಜೀವಿಗಳಿಗೆ ಕಶಾಂಗವು ಈಜಲು ಮಾತ್ರವಲ್ಲ, ಬೇರೆ ಅನೇಕ ಕೆಲಸಗಳಿಗೂ ಬರುತ್ತದೆ. ಆದರೆ ಅದಕ್ಕೆ ಒಂದು ದೊಡ್ಡ ಕೊರತೆಯುಂಟು. ಒದ್ದೆಯಿಲ್ಲದ ಕಡೆ ಕಶಾಂಗವು ಏನೂ ಮಾಡಲಾರದು. ನಾವು ಈಗ ಹೇಳಲಿರುವ ನಾಲ್ಕು ಪರೋಪಜೀವಿಗಳಲ್ಲಿ ಒಂದಾದರೂ ಒಂದು ದೇಹದಿಂದ ಇನ್ನೊಂದು ದೇಹಕ್ಕೆ ತನ್ನ ಬಾಲದ ಬಲದಿಂದ ಹೋಗುವುದಿಲ್ಲ. ಮನೆಯೊಳಗೆ ಓಡಾಡಲು ಸ್ವಂತ ಕಾಲು. ಊರಿಂದ ಊರಿಗೆ ಹೋಗಲು ಪರರ ಗಾಡಿ. ಈ ಗಾಡಿ ಯಾವುದೆಂದು ತಿಳಿದರೆ ಅದನ್ನು ತಡೆಯುವ ಉಪಾಯವೂ ತಿಳಿಯುತ್ತದೆ. ಇದೇ ಈ ಪಾಠದ ಸಾರಾಂಶ.

ಮೊದಲನೆಯದು ಜಿಯಾರ್ಡಿಯ. ಇದು ಮನುಷ್ಯರ ಸಣ್ಣ ಕರುಳಿನಲ್ಲಿ ವಾಸಿಸುತ್ತದೆ. ಇದನ್ನು ಪ್ರಥಮವಾಗಿ ಕಂಡವರು ಹಾಲೆಂಡ್ ದೇಶದ ಡೆಲ್ಫ್ಟ್ ಪಟ್ಟಣದಲ್ಲಿ ಬಟ್ಟೆಯ ವ್ಯಾಪಾರಮಾಡುತ್ತಿದ್ದ ಲೇವೆನ್‌ಹುಕ್ ಎಂಬವರು. ಅವರು ತಾವೇ ತಯಾರಿಸಿದ ಮಸೂರದಿಂದ ೧೬೮೧ರಲ್ಲಿ ತಮ್ಮದೇ ಭೇದಿಯ ಮಲವನ್ನು ಪರೀಕ್ಷಿಸುವಾಗ ಈ ಪ್ರಾಣಿಯು ಚಲಿಸುವುದನ್ನು ನೋಡಿ ಬರೆದಿಟ್ಟರು. ಇದರ ಉದ್ದವು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಆಕಾರವು ಉದ್ದಕ್ಕೆ ಸೀಳಿದ ಪೇರು ಹಣ್ಣಿನ ಹೋಳಿನಂತೆ: ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಇದಕ್ಕೆ ನಾಲ್ಕು ಜೋಡಿ, ಅಂದರೆ ಎಂಟು ಕಶಾಂಗಗಳಿವೆ. ಹೊಟ್ಟೆಯ ಕಡೆಯಲ್ಲಿ ತಟ್ಟೆಯಂಥ ಒಂದು ಅಂಗವೂ ಉಂಟು.

ಕರುಳು ಸುಮ್ಮನಿರುವ ಕೊಳವೆಯಲ್ಲ. ಅದು ಉಂಡದ್ದನ್ನು ಅಲೆಯಲೆಯಾಗಿ ಕೆಳಕ್ಕೆ ನೂಕುತ್ತಲೇ ಇರುತ್ತದೆ. ಸುಮ್ಮನಿದ್ದರೆ ಜಿಯಾರ್ಡಿಯವೂ ಅದರೊಂದಿಗೆ ಕೊಚ್ಚಿಹೋಗಬೇಕು. ಆದುದರಿಂದ ಅದು ತನ್ನ ಎಂಟು ಬಾಲಗಳಿಂದ ಪ್ರವಾಹಕ್ಕೆ ಅಡ್ಡವಾಗಿ ಈಜಿ, ಕರುಳಿನ ಗೋಡೆಯನ್ನು ಮುಟ್ಟಿ, ತಟ್ಟೆಯಿಂದ ಅಂಟಿಕೊಳ್ಳುತ್ತದೆ. ಅಲ್ಲಿಯೇ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಆಗ ಅನ್ನದ ಸಾರವನ್ನು ಹೀರುವ ಕರುಳಿನ ಶಕ್ತಿಯು ಕುಂದುತ್ತದೆ. ಹೊಟ್ಟೆಯುಬ್ಬರ, ದುರ್ವಾಸನೆಯ ಜಿಡ್ಡಾದ ಭೇದಿ, ಬಳಲಿಕೆ, ತೂಕ ಇಳಿಯುವುದು ಇವು ಅದರ ಲಕ್ಷಣಗಳು. ದೊಡ್ಡವರಲ್ಲಿ ಅನೇಕರಿಗೆ ಏನೂ ತೋರದೆಯೂ ಇರಬಹುದು. ಆದರೆ ಬೆಳೆಯುವ ಮಗುವಿನಲ್ಲಿ ಇದು ತಿಂಗಳುಗಟ್ಟಲೆ ನಿಂತರೆ ಬೆಳವಣಿಗೆಯೇ ಹಿಂದೆ ಬೀಳುತ್ತದೆ. ಇಂಥ ಮಗುವನ್ನು ಶಾಲೆಯಲ್ಲಿ ಮಂದಬುದ್ಧಿಯೆಂದೂ ಮನೆಯಲ್ಲಿ ದೃಷ್ಟಿ ತಾಗಿದೆಯೆಂದೂ ಹೇಳಿಬಿಡುವುದುಂಟು. ಎರಡೂ ಅನ್ಯಾಯ. ಮಲಪರೀಕ್ಷೆ ಮಾಡಿಸಿ ವೈದ್ಯರು ಕೊಡುವ ಔಷಧವನ್ನು ಕೊಟ್ಟರೆ ಗುಣವಾಗತಕ್ಕ ರೋಗವಿದು.

ಈಗ ಅದರ ಗಾಡಿಯನ್ನು ನೋಡೋಣ. ಕರುಳಿನ ಕೆಳಭಾಗಕ್ಕೆ ಸಾಗಿದಾಗ ಜಿಯಾರ್ಡಿಯವು ತನ್ನ ಬಾಲಗಳನ್ನು ಒಳಗೆಳೆದುಕೊಂಡು, ಮೈಸುತ್ತಲೂ ಗಟ್ಟಿಯಾದ ಚಿಪ್ಪನ್ನು ಕಟ್ಟಿಕೊಳ್ಳುತ್ತದೆ. ಈ ಚಿಪ್ಪಿನೊಳಗಿನ ರೂಪಕ್ಕೆ ಕೋಷ್ಠವೆನ್ನೋಣ. ಕೋಷ್ಠವು ಈಜಲಾರದು; ಆದರೆ ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಜೀವದಿಂದಿರುತ್ತದೆ. ಇಂಥ ಹತ್ತು ಕೋಷ್ಠಗಳು ಹೊಟ್ಟೆ ಸೇರಿದರೂ ರೋಗ ಬರಬಹುದೆಂದು ಪ್ರಯೋಗದಿಂದ ತಿಳಿದಿದೆ. ನುಂಗಿದ ಕೋಷ್ಠವು ಜಠರದ ಹುಳಿಯನ್ನು ದಾಟಿ ಕರುಳಿಗೆ ಬಂದಾಗ ಚಿಪ್ಪು ಒಡೆಯುತ್ತದೆ. ಮೊಟ್ಟಮೊದಲು ಹೊರಗೆ ಚಾಚುವುದು ಕಶಾಂಗವೇ. ಹೀಗಿರುವುದರಿಂದ, ಬಾಲ ಹೊರಬರುವುದಕ್ಕೆ ಮುಂಚೆ, ಕೋಷ್ಠವು ಕೊಡದಲ್ಲಿರುವಾಗಲೇ ನಾವು ಅದನ್ನು ತಡೆಯಬೇಕು.

ಸಿಂಧನೂರು ಸೀಮೆಯ ಅನೇಕ ಹಳ್ಳಿಗಳಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನೇ ಕೆರೆಯಲ್ಲಿ ತುಂಬಿಟ್ಟು ಕುಡಿಯಲು ಬಳಸುತ್ತಾರೆ. ಬಹುದೂರ ತೆರೆದು ಹರಿದುಬಂದ ನೀರಿಗೆ ದಾರಿಯಲ್ಲಿ ಏನೇನು ಸೇರಿರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಬಟ್ಟೆಯಲ್ಲಿ ಸೋಸಿದರೆ ಸಾಕೆಂದು ಅನೇಕರು ಎಣಿಸುತ್ತಾರೆ. ಸೋಸಿದರೆ ಕಸವೂ ದೊಡ್ಡ ಹುಳುಗಳೂ ನಿಲ್ಲುತ್ತವೆ. ಆದರೆ ಕೋಷ್ಠವು ಸೀರೆಯ ನೇಯ್ಗೆಯ ಕಂಡಿಗಿಂತ ಬಹಳ ಸಣ್ಣದು, ಸಲೀಸಾಗಿ ನುಸುಳುತ್ತದೆ. ನೀರಿಗೆ ವಾಡಿಕೆಯಂತೆ ಹಾಕುವ ಬ್ಲೀಚಿಂಗ್ ಪುಡಿಯು ಕಾಲರಾ ಮೊದಲಾದ ರೋಗಬೀಜಗಳನ್ನು ಕೊಲ್ಲುವಷ್ಟು ನಿಶ್ಚಯವಾಗಿ ಇದನ್ನು ಕೊಲ್ಲದು. ನೀರನ್ನು ಕುದಿಸುವುದೇ ನಂಬತಕ್ಕ ಉಪಾಯ. ನೀರು ಚೆನ್ನಾಗಿ ಮರಳಿ ಒಂದು ನಿಮಿಷ ಕುದಿದರೆ ಕೋಷ್ಠವು ಸಾಯುತ್ತದೆ. ಈಗ ಅನೇಕ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅದು ಸಂತೋಷದ ಸಂಗತಿ. ಆದರೆ ಘಟಕದಿಂದ ತಂದ ನೀರಿನಲ್ಲಿ ತೊಳೆಯದ ಕೈಯನ್ನು ಅದ್ದಿ ಚರಿಗೆ ಮುಳುಗಿಸಿದರೆ ಶುದ್ಧಮಾಡಿದ್ದೆಲ್ಲಾ ವ್ಯರ್ಥವಾಯಿತು. ಕೊಡಕ್ಕೆ ಮುಚ್ಚಳವಿರಲಿ, ನೀರು ತೆಗೆಯಲು ಉದ್ದ ಹಿಡಿಕೆಯ ಸೌಟು ಇರಲಿ.

ಎರಡನೆಯದು ಟ್ರಿಪನೋಸೋಮ. ಇದು ರಕ್ತದಲ್ಲಿ ಈಜುವ ಪ್ರಾಣಿ. ನಮ್ಮ ದೇಶದ ಕುದುರೆ, ಒಂಟೆ, ದನ, ಎಮ್ಮೆಗಳಿಗೆ ಬರುವ ಸುರ್ರಾ ಎಂಬ ರೋಗಕ್ಕೆ ಇದರ ಒಂದು ಜಾತಿಯು ಕಾರಣ. ಗ್ರಿಫಿತ್ ಎವಾನ್ಸ್ ಎಂಬ ಪಶುವೈದ್ಯರು ೧೮೮೦ರಲ್ಲಿ ಡೇರಾ ಇಸ್ಮಾಯಿಲ್ ಖಾನ್ ಎಂಬಲ್ಲಿ ಕುದುರೆ ಒಂಟೆಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ಇದರ ಕಶಾಂಗವು ಮೈಯುದ್ದಕ್ಕೂ ತೆಳುವಾದ ಪೊರೆಯಿಂದ ಹೊಲಿದಂತೆ ಅಂಟಿಕೊಂಡು ತುದಿಯಲ್ಲಿ ಬಿಡಿಯಾಗಿರುತ್ತದೆ. ಬಾಲವೆಂದು ನಾವು ಕರೆದರೂ ಈಜುವಾಗ ಆ ತುದಿಯೇ ಮುಂದೆ ಹೋಗುತ್ತದೆ. ಮೈಯು ಅದರ ಹಿಂದೆ ತಿರುಗಣೆಯಂತೆ ತಿರುಗುತ್ತಾ ಬರುತ್ತದೆ.

ಇಲ್ಲಿ ಕಶಾಂಗದ ಇನ್ನೊಂದು ಉಪಯೋಗವನ್ನು ಕಾಣುತ್ತೇವೆ. ರಕ್ತಕ್ಕೆ ಪರಕೀಯ ಪ್ರಾಣಿಯು ಬಂದರೆ ದೇಹವು ಅದನ್ನು ಗುರುತಿಸಲು ಪ್ರತಿಕಾಯಗಳೆಂಬ ಪದಾರ್ಥಗಳನ್ನು ಹುಟ್ಟಿಸಿ ಅದರ ಮೈಗೆ ಅಂಟಿಸುತ್ತದೆ. ಅದು ಪೊಲೀಸರು ಕಳ್ಳನಿಗೆ ಗುರುತುಹಾಕಿದಂತೆ. ಆಫ್ರಿಕಾದ ನಿದ್ರಾರೋಗವನ್ನು ತರುವ ಟ್ರಿಪನೋಸೋಮವನ್ನು ಪರೀಕ್ಷಿಸಿದ ಜರ್ಮನಿಯ ವಿಜ್ಞಾನಿಗಳು ೨೦೦೭ರಲ್ಲಿ ಒಂದು ವಿಶೇಷವನ್ನು ಪ್ರಕಟಿಸಿದರು. ಆ ಪ್ರಾಣಿಯು ಎಡೆಬಿಡದೆ ಮುಂದಕ್ಕೆ ಈಜುವುದರಿಂದ ಮೈಗೆ ಅಂಟಿದ ಪ್ರತಿಕಾಯಗಳು ನೀರಿನ ಸೆಳೆತಕ್ಕೆ ಹಿಂದಕ್ಕೆ ಜಾರಿ, ಕಶಾಂಗದ ಬುಡದಲ್ಲಿರುವ ಸಣ್ಣ ಚೀಲದೊಳಗೆ ಬಿದ್ದು ಜೀರ್ಣವಾಗಿಹೋಗುತ್ತವೆ. ಈಜುವುದೇ ಅದಕ್ಕೆ ತಪ್ಪಿಸಿಕೊಳ್ಳುವ ಉಪಾಯ. ಇದಲ್ಲದೆ ಈ ಜಾತಿಯವು ತಮ್ಮ ಮೈಯ ಹೊದಿಕೆಯನ್ನೂ ಆಗಾಗ ಬದಲಾಯಿಸುತ್ತವೆ.

ಸುರ್ರಾದ ಗಾಡಿ ಯಾವುದೆಂದರೆ ದನಗಳನ್ನು ಕಚ್ಚುವ ದೊಡ್ಡ ನೊಣ. ರೋಗದ ಎಮ್ಮೆಯ ರಕ್ತವನ್ನು ಅರ್ಧ ಹೀರುವಾಗ ಬಾಲದ ಪೆಟ್ಟಿಗೆ ಎದ್ದ ನೊಣವು, ಬಾಯಿಯಲ್ಲಿ ಹಸಿರಕ್ತ ಇರುವಾಗಲೇ ಪಕ್ಕದ ಎಮ್ಮೆಯನ್ನು ಕಚ್ಚಿದರೆ ರೋಗವು ದಾಟಿತು. ಬಿಟ್ಟುಬಿಟ್ಟು ಬರುವ ಜ್ವರ, ರಕ್ತಹೀನತೆ, ಕಾಲುಬಾವು, ಸೊರಗುವುದು, ಹಾಲು ಇಳಿಯುವುದು ಇದರ ಲಕ್ಷಣಗಳು. ಮನುಷ್ಯನ ರಕ್ತದಲ್ಲಿರುವ ಒಂದು ಪದಾರ್ಥವು ಈ ಪ್ರಾಣಿಯನ್ನು ಕೊಲ್ಲುವುದರಿಂದ ಇದು ಸಾಮಾನ್ಯವಾಗಿ ನಮಗೆ ಹತ್ತದು. ೨೦೦೪ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ಒಕ್ಕಲಿಗನಿಗೆ ಇದು ಹತ್ತಿದಾಗ ಪರೀಕ್ಷಿಸಿ ನೋಡಿದರೆ, ಅವನ ರಕ್ತದಲ್ಲಿ ಆ ಪದಾರ್ಥವೇ ಇರಲಿಲ್ಲ. ಎಮ್ಮೆಯ ಹಾಲಿನಿಂದ ಸಂಸಾರ ನಡೆಯುವ ಮನೆಯವರು ಕೊಟ್ಟಿಗೆಯನ್ನು ನೊಣ ಮುತ್ತದಂತೆ ಇಟ್ಟುಕೊಂಡು, ಸೊರಗಿದ ಪಶುವನ್ನು ಬೇರೆ ಕಟ್ಟಿ, ಬೇಗನೆ ಪಶುವೈದ್ಯರಿಗೆ ತೋರಿಸತಕ್ಕದ್ದು.

ಮೂರನೆಯದು ಕಾಲಾ ಅಜಾರ್ ಎಂಬ ರೋಗದ ಲೀಷ್ಮೇನಿಯ. ಇದು ನಮ್ಮ ಸೀಮೆಯ ರೋಗವಲ್ಲ; ಬಿಹಾರ, ಝಾರ್ಖಂಡ, ಪಶ್ಚಿಮ ಬಂಗಾಳ, ಉತ್ತರ ಪ್ರದೇಶಗಳಲ್ಲಿ ಇದ್ದದ್ದು. ಆದರೂ ಕಶಾಂಗವು ಕಾಣಿಸಿಕೊಳ್ಳುವ ಮತ್ತು ಅಡಗುವ ರೀತಿಯನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ದೃಷ್ಟಾಂತವು ಬೇರೊಂದಿಲ್ಲ. ೧೯೦೩ರಲ್ಲಿ ಲೀಷ್‌ಮನ್ ಎಂಬ ವೈದ್ಯರು ಕಲಕತ್ತೆಯ ಹತ್ತಿರದ ಡಮ್‌ಡಮ್‌ನಲ್ಲಿ ಜ್ವರ ತಾಗಿ ಮೃತನಾದ ಒಬ್ಬ ಸಿಪಾಯಿಯ ಗುಲ್ಮದಲ್ಲಿ ಕಂಡ ಕಣಗಳನ್ನು ವರ್ಣಿಸಿದರು. ಅದೇ ವರುಷ ಮದ್ರಾಸಿನಲ್ಲಿ ಡೊನೊವನ್ ಎಂಬ ವೈದ್ಯರೂ ಅವನ್ನೇ ಕಂಡರು. ಆ ಕಣಗಳು ದುಂಡಗಿದ್ದವು, ಬಾಲವಿರಲಿಲ್ಲ. ೧೯೦೪ರಲ್ಲಿ ಕಲಕತ್ತೆಯಲ್ಲಿ ರೋಜರ್ಸ್ ಎಂಬವರು ರೋಗಿಯ ಗುಲ್ಮದಿಂದ ತೆಗೆದ ರಕ್ತವನ್ನು ಮೈಬಿಸಿಗಿಂತ ತಂಪಾದ ಸ್ಥಳದಲ್ಲಿಟ್ಟು ನೋಡಲು, ಆ ದುಂಡು ಕಣಗಳು ಉದ್ದವಾಗಿ ಕಶಾಂಗವನ್ನು ಬೆಳೆಸಿ ಈಜತೊಡಗಿದವು.

ಇದರ ಅರ್ಥವೇನು? ನಮ್ಮ ದೇಹದಲ್ಲಿ ಈ ಪ್ರಾಣಿಯು ರಕ್ಷಕ ಕಣಗಳ ಒಳಗೇ ಹೊಕ್ಕು ಕೂತಿರುತ್ತದೆ. ಕೂತವನಿಗೆ ಕಾಲಿನ ಕೆಲಸವೇನು? ಆದುದರಿಂದ ಅಲ್ಲಿ ಕಶಾಂಗವು ಮೊಟಕಾಗಿ ಮೈಯೊಳಗೇ ಅಡಗಿರುತ್ತದೆ. ಮರಳುನೊಣವೆಂಬ ಸಣ್ಣ ಕೀಟವು ರೋಗಿಯ ರಕ್ತವನ್ನು ಹೀರಿದಾಗ ಪ್ರಾಣಿಯು ಆ ತಂಪಾದ ಹೊಟ್ಟೆಗೆ ಸೇರಿ ಉದ್ದ ಬಾಲವನ್ನು ಬೆಳೆಸಿಕೊಳ್ಳುತ್ತದೆ. ಅಲ್ಲಿ ಆ ಬಾಲವೇ ಕೀಟದ ಕರುಳಿಗೆ ಕಚ್ಚಿಕೊಳ್ಳುವ ಕೊಕ್ಕೆಯೂ ಆಗುತ್ತದೆ; ಆಮೇಲೆ ಅದರಿಂದಲೇ ಈಜಿ ಕೀಟದ ಬಾಯಿಯ ಕಡೆಗೆ ಬರುತ್ತದೆ. ಮರಳುನೊಣದ ಕಡಿತದಿಂದಲೇ ಈ ರೋಗವು ಮನುಷ್ಯರಿಗೆ ದಾಟುವುದೆಂದು ೧೯೪೨ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ಮೂವರು ಸಿದ್ಧಪಡಿಸಿದರು.

ನಾಲ್ಕನೆಯದು ಮಲೇರಿಯ. ಇದನ್ನು ಕಶಾಂಗವುಳ್ಳ ಜಾತಿಗೆ ಸೇರಿಸುವುದಿಲ್ಲ. ನಮ್ಮ ರಕ್ತದಲ್ಲಿ ಇದಕ್ಕೆ ಬಾಲವಿರುವುದೂ ಇಲ್ಲ. ಹಾಗಿದ್ದರೂ ಇದು ಪ್ರಥಮವಾಗಿ ಮನುಷ್ಯರ ಕಣ್ಣಿಗೆ ಬಿದ್ದದ್ದು ಬಾಲದಿಂದಲೇ. ಲಾವೆರಾನ್ ಎಂಬ ಫ್ರೆಂಚ್ ಸೇನಾವೈದ್ಯರು ೧೮೮೦ನೆಯ ಇಸವಿ ನವೆಂಬರ್ ೬ನೆಯ ತಾರೀಖು ಆಲ್ಜೀರಿಯ ದೇಶದ ಕಾನ್‌ಸ್ಟಂಟೈನ್ ಪಟ್ಟಣದಲ್ಲಿ ಜ್ವರದ ಸಿಪಾಯಿಯ ರಕ್ತವನ್ನು ನೋಡುತ್ತಿರುವಾಗ, ಒಂದು ದುಂಡು ಕಣದಿಂದ ನೂಲಿನಂಥ ಬಾಲಗಳು ಹೊರಟು ರಭಸದಿಂದ ಬಡಿದಾಡುವುದನ್ನು ಕಂಡರು. ಇದು ಜೀವವುಳ್ಳದ್ದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೆ ದೇಹದೊಳಗಿರುವಾಗ ಇಲ್ಲದ ಬಾಲವು ರಕ್ತವನ್ನು ಹೊರತೆಗೆದ ಮೇಲೆ ಯಾಕೆ ಬರಬೇಕು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ರೊನಾಲ್ಡ್ ರಾಸ್ ಸಾಹೇಬರು ಮುಖ್ಯರು. ಅವರು ಕೆಲಸಮಾಡಿದ್ದು ಸಿಕಂದರಾಬಾದಿನಲ್ಲಿ. ಆ ಕಾಲದಲ್ಲಿ ಆ ಊರೂ ನಮ್ಮ ಈ ಮೂರು ಊರುಗಳೂ ನಿಜಾಮರ ಹೈದರಾಬಾದು ಸಂಸ್ಥಾನದೊಳಗೇ ಇದ್ದವು. ೧೯೦೫ರ ವರೆಗೆ ಲಿಂಗಸುಗೂರು ಒಂದು ಪ್ರತ್ಯೇಕ ಜಿಲ್ಲೆಯೂ ಆಗಿತ್ತು. ೧೮೯೫ರಲ್ಲಿ ರಾಸ್ ಸಾಹೇಬರು ರೋಗಿಯ ರಕ್ತವನ್ನು ಹೀರಿದ ಸೊಳ್ಳೆಯ ಹೊಟ್ಟೆಯಲ್ಲಿ ಈ ಬಾಲಗಳು ಹೊರಡುವುದನ್ನು ಕಂಡರು. ಬಾಲವೇ ರೋಗದ ಬೀಜವಾಗಿರಬೇಕೆಂದು ಅವರ ಗುರುಗಳಾದ ಮ್ಯಾನ್‌ಸನ್ನರು ತಿಳಿದಿದ್ದರು. ೧೮೯೭ರಲ್ಲಿ ಮೆಕಾಲಂ ಎಂಬ ತರುಣನು ಕಾಗೆಯ ರಕ್ತದಲ್ಲಿರುವ ಇಂಥದೇ ಒಂದು ಪ್ರಾಣಿಯನ್ನು ಪರೀಕ್ಷಿಸಿ ನಿಜವನ್ನು ತಿಳಿದನು: ಬಿಡಿಸಿಕೊಂಡು ಈಜುವ ಬಾಲವು ಗಂಡು, ಅದು ಹೆಣ್ಣು ಕಣವನ್ನು ಹುಡುಕಿ ಕೂಡುತ್ತದೆ. ಅದೇ ವರುಷ ಆಗಸ್ಟ್ ೨೦ನೆಯ ತಾರೀಖು ರಾಸ್ ಸಾಹೇಬರು ಸಿಕಂದರಾಬಾದಿನಲ್ಲಿ ಅನಾಫಿಲೀಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯದ ಗಂಟುಗಳನ್ನು ಕಂಡರು. ಗಂಡು ಹೆಣ್ಣು ಕೂಡಿದ್ದರ ಫಲವೇ ಆ ಗಂಟುಗಳು. ೧೯೦೨ರಲ್ಲಿ ರಾಸ್ ಸಾಹೇಬರಿಗೂ ೧೯೦೭ರಲ್ಲಿ ಲಾವೆರಾನರಿಗೂ ನೊಬೆಲ್ ಬಹುಮಾನವು ದೊರೆಯಿತು.

ಈಗ ತಿಳಿದಿರುವುದೇನಂದರೆ, ರಕ್ತವು ನಮ್ಮ ಮೈಬಿಸಿಯಿಂದ ಸೊಳ್ಳೆಯ ತಂಪಾದ ಹೊಟ್ಟೆಗೆ ಹೋದಾಗ ಗಂಡು ಕಣವು ಎಚ್ಚತ್ತು, ಸುಮಾರು ಕಾಲು ಗಂಟೆಯೊಳಗೆ ಎಂಟು ಬಾಲದ ಬೀಜಗಳನ್ನು ಹೊರಚೆಲ್ಲುತ್ತದೆ. ಈ ಕಾಲು ಗಂಟೆಯ ಈಜು ನಡೆಯದಿದ್ದರೆ ಸೊಳ್ಳೆಯಲ್ಲಿ ಮಲೇರಿಯವು ಬೆಳೆಯದು, ಇನ್ನೊಬ್ಬರಿಗೆ ಹರಡದು. ಇದರಿಂದ ಒಂದು ಮುಖ್ಯ ಕರ್ತವ್ಯವು ಹುಟ್ಟುತ್ತದೆ. ಜ್ವರ ಬಿಟ್ಟ ಮೇಲೆಯೂ ರೋಗಿಯ ರಕ್ತದಲ್ಲಿ ಈ ಗಂಡು ಹೆಣ್ಣು ಕಣಗಳು ಉಳಿದಿರಬಹುದು. ಆತನಿಗೆ ನೋವಿಲ್ಲ, ಆದರೆ ಆತನನ್ನು ಕಚ್ಚಿದ ಸೊಳ್ಳೆಯು ನೆರೆಮನೆಯ ಕೂಸಿಗೆ ರೋಗವನ್ನು ಒಯ್ಯುತ್ತದೆ. ಎರಡು ದಿನದಲ್ಲಿ ಚಳಿ ನಿಂತಿತೆಂದು ಉಳಿದ ಗುಳಿಗೆಗಳನ್ನು ಗೂಡಿನಲ್ಲಿಡುವವರು ತಮಗಲ್ಲದೆ ಓಣಿಗೂ ಕೇಡು ಮಾಡುತ್ತಾರೆ. ವೈದ್ಯರು ಹೇಳಿದಷ್ಟು ದಿನವೂ ಔಷಧವನ್ನು ಪೂರ್ತಿಯಾಗಿ ತೆಗೆದುಕೊಳ್ಳತಕ್ಕದ್ದು.

೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದಂದಿನಿಂದ ಸಿಂಧನೂರಿನ ಒಣಭೂಮಿಯು ಬತ್ತದ ಕಣಜವಾಯಿತು. ಆದರೆ ಕಾಲುವೆಯ ಬದಿಯ ಜಿನುಗು, ಗದ್ದೆಯ ನೀರು, ಹಳ್ಳದ ಮಡುಗಳು ಹಳ್ಳಿಯ ಅನಾಫಿಲೀಸ್ ಸೊಳ್ಳೆಗೂ ತೊಟ್ಟಿಲಾಗುವುವು. ಲಿಂಗಸುಗೂರು ಮಸ್ಕಿಯಂಥ ಪೇಟೆಗಳಲ್ಲಿ ಮುಚ್ಚಳವಿಲ್ಲದ ತೊಟ್ಟಿ, ಬಾವಿ, ಮಾಳಿಗೆಯ ಮೇಲಿನ ಟಾಕಿಗಳು ಪೇಟೆಯ ಅನಾಫಿಲೀಸ್ ಸೊಳ್ಳೆಗೆ ಅದೇ ಕೆಲಸವನ್ನು ಮಾಡಬಲ್ಲವು. ಹಿಂದಿನ ದಶಕಗಳಿಗೆ ಹೋಲಿಸಿದರೆ ಈಗ ಕರ್ನಾಟಕದಲ್ಲಿ ಮಲೇರಿಯವು ಬಹಳ ಕಡಿಮೆಯಾಗಿದೆ. ಕಡಿಮೆಯಾದದ್ದು ತಾನಾಗಿಯೇ ಅಲ್ಲ, ಎಚ್ಚರಿಕೆಯಿಂದ. ಎಚ್ಚರ ತಪ್ಪಿದರೆ ಮರಳಿ ಬರುವುದು. ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನೂ ತೊಟ್ಟಿಗಳನ್ನೂ ಬರಿದುಮಾಡಿ ಉಜ್ಜಿ ಒಣಗಿಸಬೇಕು. ಸೊಳ್ಳೆಪರದೆಯೊಳಗೆ ಮಲಗಬೇಕು. ಜ್ವರ ಬಂದರೆ ಸರಕಾರಿ ಆಸ್ಪತ್ರೆಯಲ್ಲಿ ರಕ್ತವನ್ನು ತೋರಿಸಬೇಕು. ಅಲ್ಲಿ ಆ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ.

ಈ ನಾಲ್ಕನ್ನೂ ಒಟ್ಟಿಗಿಟ್ಟು ನೋಡಿರಿ. ಕರುಳಿನಲ್ಲಿ ನೆಲೆಯೂರಲು ಒಂದಕ್ಕೆ ಬಾಲ ಬೇಕು. ರಕ್ತದಲ್ಲಿ ತಪ್ಪಿಸಿಕೊಳ್ಳಲು ಇನ್ನೊಂದಕ್ಕೆ. ಕೀಟದ ಹೊಟ್ಟೆಯಲ್ಲಿ ಅಂಟಿ ನಿಲ್ಲಲು ಮತ್ತೊಂದಕ್ಕೆ. ಗಂಡು ಹೆಣ್ಣು ಕೂಡಲು ನಾಲ್ಕನೆಯದಕ್ಕೆ. ಬೇಕಾದಲ್ಲಿ ಬೆಳೆಸುತ್ತವೆ, ಬೇಡವಾದಲ್ಲಿ ಅಡಗಿಸುತ್ತವೆ. ದೇಹದೊಳಗೆ ಹೊಕ್ಕ ಮೇಲೆ ಆ ಬಾಲದೊಡನೆ ಹೋರಾಡುವುದು ವೈದ್ಯರ ಕೆಲಸ. ಆದರೆ ಕೋಷ್ಠವು ಕೊಡದಲ್ಲಿರುವಾಗ, ನೊಣವು ಕೊಟ್ಟಿಗೆಯಲ್ಲಿರುವಾಗ, ಸೊಳ್ಳೆಮರಿಯು ತೊಟ್ಟಿಯಲ್ಲಿರುವಾಗ ಅದನ್ನು ತಡೆಯುವುದು ಮನೆಯವರ ಕೆಲಸ.

ಈ ಕೆಲಸವನ್ನು ಮನೆಯ ಹೆಣ್ಣುಮಕ್ಕಳ ತಲೆಯ ಮೇಲೆ ಮಾತ್ರ ಹೊರಿಸಬಾರದೆಂದು ಪೋಷಕರಲ್ಲಿ ನಮ್ಮ ವಿಜ್ಞಾಪನೆ. ನೀರು ತರುವವಳೂ ಅವಳೇ, ಕಾಯಿಸುವವಳೂ ಅವಳೇ, ರೋಗಿಯ ಬಳಿ ಕೂತುಕೊಳ್ಳಲು ಶಾಲೆ ಬಿಡುವವಳೂ ಅವಳೇ ಆಗಿರುವ ಮನೆಗಳುಂಟು. ತಮ್ಮನ ಭೇದಿಗೂ ತಂದೆಯ ಜ್ವರಕ್ಕೂ ಒಂದೊಂದು ವಾರ ಶಾಲೆ ತಪ್ಪಿದ ಹುಡುಗಿಗೆ ಆ ಪಾಠಗಳು ಮರಳಿ ದೊರೆಯುವುದು ಕಷ್ಟ. ಕೊಡಕ್ಕೆ ಮುಚ್ಚಳ ಹಾಕುವುದು, ತೊಟ್ಟಿ ಉಜ್ಜುವುದು, ಕೈ ತೊಳೆಯುವುದು ಗಂಡುಮಕ್ಕಳಿಂದಲೂ ಆಗತಕ್ಕ ಕೆಲಸಗಳೇ. ನಮ್ಮ ಹಳೆಯ ವಿದ್ಯಾರ್ಥಿನಿಯರಾದರೋ ತಾವು ಕಲಿತ ಈ ಶಬ್ದದ ಅರ್ಥವನ್ನು ಮನೆಯವರಿಗೆಲ್ಲಾ ತಿಳಿಸಿಕೊಡಲಿ. ಯಾಕೆ ಕುದಿಸಬೇಕೆಂದು ತಿಳಿದ ಮನೆಯಲ್ಲಿ ನೀರು ಪ್ರತಿದಿನವೂ ಕುದಿಯುತ್ತದೆ. ಬರೇ ಹೇಳಿದ್ದಕ್ಕಾಗಿ ಕುದಿಸುವ ಮನೆಯಲ್ಲಿ ನಾಲ್ಕು ದಿನ ಮಾತ್ರ.